ಘಟಸರ್ಪದ ಮೂಗು

ಯೋಸಿನೆ ಸತ್ತು ಮಣ್ಣಾದ ಮೇಲೂ ಆ ಒಂದು ಕೆಲಸಕ್ಕಾಗಿ ಲೀವೆನ್ ಅವಳನ್ನು ಕ್ಷಮಿಸಿಲ್ಲ. ನೀವೇ ಹೇಳಿ, ಯಾರು ಕ್ಷಮಿಸಿಯಾರು? ಗೆಂಟ್ ಪಟ್ಟಣದ ದೊಡ್ಡ ಮನೆಯೊಂದರಲ್ಲಿ ಕೆಂಪು ಮಕಮಲ್ಲು ಹೊದಿಸಿದ ಪ್ರಾರ್ಥನೆ ಪುಸ್ತಕ ಇದೆ. ಅದರೊಳಗೆ ಸಂತ ಮಾರ್ಗ್ರೀಟೆಯ ಚಿತ್ರದ ಹಾಳೆ ಇದೆ. ಸಂತಳ ಕಾಲ ಬುಡದಲ್ಲಿ ಹಸಿರು ಘಟಸರ್ಪವೊಂದು ಬಾಯಿ ತೆರೆದುಕೊಂಡು ಬಿದ್ದಿದೆ. ಆ ಘಟಸರ್ಪಕ್ಕೆ ಲೀವೆನನ ಮೂಗು. ಬರೀ ಮೂಗಾಗಿದ್ದರೆ ಹೋಗಲಿ ಅನ್ನಬಹುದಿತ್ತು. ಅವನ ಕೂಡುಹುಬ್ಬು, ಚಿಕ್ಕವನಿದ್ದಾಗ ನಾಯಿ ಕಚ್ಚಿ ಮುದುಡಿಹೋದ ಎಡಗಿವಿ, ಎಲ್ಲವೂ ಇದ್ದ ಹಾಗೇ ಇವೆ. ಕಾಗದವಾಗಿದ್ದರೆ ಎಂದೋ ಹುಳ ತಿಂದು ಹಾಕುತ್ತಿತ್ತು. ಇದು ಕರುವಿನ ಚರ್ಮ. ಹದವಾಗಿ ಹಿಗ್ಗಿಸಿ, ಕೆರೆದು, ಒಣಗಿಸಿದ್ದು. ಲೀವೆನ್ ಹೋಗಿ, ಅವನ ಮಕ್ಕಳು ಮೊಮ್ಮಕ್ಕಳು ಹೋದರೂ ಅದು ಹೋಗುವುದಿಲ್ಲ.

"ಬಿಡೋ ಮಾರಾಯ, ಅವಳೇ ಹೋದಳಲ್ಲ" ಎಂದು ಯಾರಾದರೂ ಸಮಾಧಾನ ಹೇಳಿದರೆ ಅವನು ಉರಿದು ಬೀಳುತ್ತಾನೆ.

"ಅವಳು ಹೋದಳು. ಘಟಸರ್ಪ ಹೋಯ್ತಾ?"

ಯೋಸಿನೆ ಅಂಚಿನ ಕೆಲಸದವಳು. ಪ್ರಾರ್ಥನೆ ಪುಸ್ತಕದ ಹಾಳೆಯಲ್ಲಿ ನಡುವೆ ಅಕ್ಷರ ಇರುತ್ತದೆ, ಇಲ್ಲವೇ ಚಿತ್ರ ಇರುತ್ತದೆ. ಅದರ ಸುತ್ತ ಬಳ್ಳಿ, ಹೂವು, ಹಕ್ಕಿಗಳ ಅಂಚು. ಅವಳ ಗಂಡ ಚಿತ್ರಗಾರನಾಗಿದ್ದ. ಅವನು ಜ್ವರದಲ್ಲಿ ತೀರಿಕೊಂಡಾಗ, ಅವನ ಕುಂಚವನ್ನು ಹೆಂಡತಿ ಹಿಡಿಯಬಹುದು ಎಂದು ಬ್ರೂಗೆ ಪಟ್ಟಣದ ಪುಸ್ತಕ ಕಸುಬಿನವರ ಸಂಘ ಒಪ್ಪಿಗೆ ಕೊಟ್ಟಿತು. ಗಂಡ ಬದುಕಿದ್ದಾಗಲೂ ಅರ್ಧಕ್ಕರ್ಧ ಕೆಲಸ ಅವಳದೇ ಎಂದು ಓಣಿಗೆಲ್ಲ ಗೊತ್ತಿದ್ದ ಮಾತು. ಸಂತರನ್ನೂ ದೇವದೂತರನ್ನೂ ಬರೆಯುತ್ತಿದ್ದಳು, ಚೆನ್ನಾಗಿಯೇ ಬರೆಯುತ್ತಿದ್ದಳು. ಆದರೆ ಜೀವ ಇದ್ದದ್ದು ಅಂಚಿನಲ್ಲಿ. ಸಂತೆಯಿಂದ ಬಟಾಣಿ ತಂದರೆ ಮೊದಲು ಅದನ್ನು ಬರೆದುಕೊಳ್ಳುವುದು, ಆಮೇಲೆ ಬೇಯಿಸುವುದು. ಹೊಟ್ಟೆ ಹಸಿದವರು ಬಾಗಿಲಲ್ಲಿ ನಿಂತು ಕೇಳಿದರೆ, "ತಡೀರಿ, ಕಾಯಿಗೆ ಇನ್ನೂ ನೆರಳು ಹಾಕಿಲ್ಲ" ಎನ್ನುವಳು. ಸ್ಟ್ರಾಬೆರಿ ಬರೆಯುವ ದಿನ ಅವಳ ತುಟಿಯೂ ಕುಂಚವೂ ಒಂದೇ ಬಣ್ಣ. ಕಿಟಕಿಯ ಮೇಲೆ ಮಡಕೆಯೊಂದರಲ್ಲಿ ಬಸವನಹುಳುಗಳನ್ನು ಸಾಕಿಕೊಂಡಿದ್ದಳು.

ಆ ಕಿಟಕಿಯ ಬೆಳಕಿಗೆ ಲೀವೆನನೂ ಪಾಲುದಾರ. ಸೇತುವೆ ಪಕ್ಕದ ಓಣಿಯಲ್ಲಿ ಅಷ್ಟು ದೊಡ್ಡ ಕಿಟಕಿ ಬೇರೆ ಇರಲಿಲ್ಲ. ಹಾಗಾಗಿ ಇಬ್ಬರೂ ಸೇರಿ ಆ ಕೋಣೆ ಹಿಡಿದಿದ್ದರು. ಉದ್ದನೆಯ ಒಂದೇ ಮೇಜು, ಈ ತುದಿಗೆ ಅವನು, ಆ ತುದಿಗೆ ಅವಳು. ಅವನು ಹಾಳೆಗೆ ಚಿನ್ನ ಕೂರಿಸುವವನು. ಸುಣ್ಣದ ಪುಡಿ, ಅಂಟು, ಚೂರು ಜೇನು ಕಲಸಿದ ಮುದ್ದೆಯನ್ನು ಸಂತರ ತಲೆಯ ಸುತ್ತ ತೆಳ್ಳಗೆ ಹಚ್ಚಬೇಕು. ಒಣಗಿದ ಮೇಲೆ ಅದರ ಮೇಲೆ ಹದವಾಗಿ ಉಸಿರು ಬಿಡಬೇಕು. ಉಸಿರಿನ ಹಸಿಗೆ ಜೇನು ಅಂಟಾಗುತ್ತದೆ. ಆ ಕ್ಷಣಕ್ಕೆ ಚಿನ್ನದ ರೇಕನ್ನು ಇಟ್ಟು, ನಾಯಿಯ ಹಲ್ಲಿನಿಂದ ಹೊಳಪು ಬರುವವರೆಗೆ ಉಜ್ಜಬೇಕು. ಆಮೇಲಷ್ಟೇ ಅವಳ ಬಣ್ಣ. ಚಿನ್ನದ ರೇಕು ಎಷ್ಟು ಹಗುರ ಅಂದರೆ ಮಾತಾಡಿದರೆ ಸಾಕು, ಎದ್ದು ಹಾರಿಹೋಗುತ್ತದೆ. ಆದ್ದರಿಂದ ಕೆಲಸದ ಹೊತ್ತಿನಲ್ಲಿ ಲೀವೆನ್ ಬಾಯಿ ಮುಚ್ಚಿಕೊಂಡಿರಲೇಬೇಕು. ಬಾಕಿ ಹೊತ್ತಿನಲ್ಲಿ ಅವನ ಬಾಯಿ ಮುಚ್ಚಿದ್ದನ್ನು ಓಣಿಯವರು ಕಂಡಿರಲಿಲ್ಲ.

"ದೇವರು ಚಿನ್ನ ಯಾಕೆ ಹುಟ್ಟಿಸಿದ ಗೊತ್ತಾ?" ಎಂದು ಯೋಸಿನೆ ಬಂದವರಿಗೆಲ್ಲ ಹೇಳುವಳು. "ನಮ್ಮ ಲೀವೆನ್ ದಿನಕ್ಕೆ ಒಂದಿಷ್ಟು ಹೊತ್ತಾದರೂ ಸುಮ್ಮನಿರಲಿ ಅಂತ."

ಅವನಿಗೆ ಕೂಗಲು ಕಾರಣಗಳೂ ಇದ್ದವು, ಸುಳ್ಳು ಹೇಳಬಾರದು. ಆಕೆ ಕಿಟಕಿ ತೆರೆದಿಡುತ್ತಿದ್ದಳು. ಗಾಳಿ ಬಂದು ರೇಕು ಹಾರಿ ಅವನ ಗಡ್ಡಕ್ಕೆ ಅಂಟಿಕೊಳ್ಳುತ್ತಿತ್ತು. ಒಮ್ಮೆ ಬಸವನಹುಳುಗಳು ಮಡಕೆ ಬಿಟ್ಟು ಹೊರಟು ಅವನ ಅಂಟಿನ ಬಟ್ಟಲಲ್ಲಿ ಬಿಡಾರ ಹೂಡಿದ್ದವು.

"ಮುದುಕೀ! ನಿನ್ನ ದನಕರು ಇಲ್ಲಿ ಮೇಯ್ತಾ ಇವೆ, ಬಂದು ಹೊಡ್ಕೊಂಡು ಹೋಗು!"

"ಕೂಗಬೇಡ ಕಣೋ, ಹೆದರಿ ಚಿಪ್ಪೊಳಗೆ ಹೋಗ್ತಾವೆ. ಕೊಂಬು ಬರೀಬೇಕು ನಾನು."

ಇಷ್ಟಾದರೂ ಅವನ ಒಳಗಿನ ಮುನಿಸು ಬೇರೆಯೇ ಇತ್ತು. ಯೋಸಿನೆಗೆ ಓಣಿಯ ಜನರನ್ನೆಲ್ಲ ಅಂಚಿನಲ್ಲಿ ಅಡಗಿಸಿಡುವ ಚಟ. ರೊಟ್ಟಿ ಸುಡುವ ಗಿಲ್ಲಿಸ್ ಡೋಲು ಬಾರಿಸುವ ಮೊಲ ಆಗಿದ್ದ. ಸಂಘದ ಹಿರಿಯ ಪೌವೆಲ್ಸ್ ಊದುಚೀಲ ಊದುವ ಮೇಕೆ. ಪಾದ್ರಿಗಳ ಅಡುಗೆಯವಳು ಸೌಟು ಹಿಡಿದ ಹೆಬ್ಬಾತು. ಅವರೆಲ್ಲ ಬಂದು ತಮ್ಮನ್ನು ತಾವು ಹುಡುಕಿಕೊಂಡು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಲೀವೆನ್ ಯಾರಿಗೂ ಕಾಣದ ಹಾಗೆ ಪ್ರತಿ ಹಾಳೆಯನ್ನೂ ಮೇಲಿಂದ ಕೆಳಗೆ ನೋಡುತ್ತಿದ್ದ. ಎಲ್ಲೂ ಅವನಿಲ್ಲ. ಎದುರಿಗೇ ಕೂತವನು, ವರ್ಷಗಟ್ಟಲೆ ಅವಳ ಸಂತರಿಗೆ ಪ್ರಭಾವಳಿ ಕಟ್ಟಿದವನು, ಒಂದು ಇಲಿಯಾಗಿಯಾದರೂ ಇಲ್ಲ. ಕೊನೆಗೊಂದು ದಿನ ತಡೆಯಲಾರದೆ ಕೇಳಿಬಿಟ್ಟ.

"ಎಲ್ಲರನ್ನೂ ಬರೆದೆ. ನಾನೇನು ಪಾಪ ಮಾಡಿದ್ದೆ ಚಿಕ್ಕಮ್ಮಾ?"

ಅವಳನ್ನು ಅವನು ಚಿಕ್ಕಮ್ಮ ಎನ್ನುತ್ತಿದ್ದದ್ದು ಏನಾದರೂ ಬೇಕಾದಾಗ ಮಾತ್ರ. ಯೋಸಿನೆ ಕುಂಚ ಎತ್ತಿ ಅವನ ಮುಖವನ್ನು ಅಳೆದು ನೋಡಿದಳು.

"ನಿನ್ನ ಮುಖಕ್ಕೆ ಅಂಚು ಸಾಲದು ಕಣೋ. ಜಾಗ ದೊಡ್ಡದು ಬೇಕು. ಸಿಗಲಿ, ನೋಡೋಣ."

ಲೀವೆನನ ಹೆಂಡತಿ ಮಾಯ್ಕೆ ಎರಡು ಸಲ ಹೆತ್ತಿದ್ದಳು, ಎರಡು ಕೂಸುಗಳೂ ಉಳಿದಿರಲಿಲ್ಲ. ಎರಡನೆಯ ಸಲ ಅವಳೂ ಉಳಿಯುವುದಿಲ್ಲ ಎಂದು ಪಾದ್ರಿಗಳನ್ನು ಕರೆಸಿದ್ದರು. ಮೂರನೆಯ ಬಾರಿ ದಿನ ತುಂಬುತ್ತ ಬಂದ ಹಾಗೆ ಲೀವೆನನ ಕೂಗಾಟ ವಿಪರೀತವಾಯಿತು. ಗಿಲ್ಲಿಸನ ರೊಟ್ಟಿ ಸೀದಿದೆ ಎಂದು ಕೂಗಿದ, ಸೇತುವೆ ಒದ್ದೆಯಾಗಿದೆ ಎಂದು ಕೂಗಿದ. ಹೆದರಿದ್ದಾನೆ ಎಂದು ಎಲ್ಲರಿಗೂ ಗೊತ್ತಿತ್ತು. ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ನೋವು ಶುರುವಾದದ್ದು ಮಳೆ ಹಿಡಿದಿದ್ದ ಒಂದು ಬೆಳಗ್ಗೆ. ಮಧ್ಯಾಹ್ನವಾದರೂ ಕೂಸು ಜಗ್ಗಲಿಲ್ಲ. ಸೂಲಗಿತ್ತಿ ಬಾರ್ಬೆಲೆ ಕೋಣೆಯಿಂದ ತಲೆ ಹೊರಹಾಕಿದಳು.

"ಮಾರ್ಗ್ರೀಟೆ ಬೇಕು," ಎಂದಳು. "ಬೇಗ ತಗೊಂಬಾ."

ಸಂತ ಮಾರ್ಗ್ರೀಟೆಯನ್ನು ಘಟಸರ್ಪ ನುಂಗಿತ್ತು. ಅವಳು ಅದರ ಹೊಟ್ಟೆ ಸೀಳಿಕೊಂಡು ಒಂದು ಗೀರೂ ಆಗದೆ ಹೊರಗೆ ಬಂದವಳು. ಅದಕ್ಕೇ ಹೆರುವ ಹೆಂಗಸಿನ ಹೊಟ್ಟೆಯ ಮೇಲೆ ಅವಳ ಹಾಳೆಯನ್ನು ಇಡುವುದು. ಉಳ್ಳವರು ತಮ್ಮ ಪ್ರಾರ್ಥನೆ ಪುಸ್ತಕವನ್ನೇ ತೆರೆದು ಇಡುತ್ತಾರೆ. ಇಲ್ಲದವರಿಗೆ ಇಗರ್ಜಿಯಲ್ಲಿ ಅವಳ ಚಿತ್ರವಿರುವ ಒಂದು ಚರ್ಮದ ಪಟ್ಟಿ ಇದೆ, ಕೇಳಿ ತರಬೇಕು. ಲೀವೆನ್ ಮಳೆಯಲ್ಲಿ ಓಡಿದ. ಪಟ್ಟಿ ಅಲ್ಲಿರಲಿಲ್ಲ. ಕೋಟೆಬಾಗಿಲ ಆಚೆಯ ಹಳ್ಳಿಗೆ ಯಾರೋ ಒಯ್ದಿದ್ದರು. ಬಾಗಿಲು ಕಾಯುವವನ ಮೇಲೆ ಕೂಗಿದ, ಮೆಟ್ಟಿಲ ಮೇಲಿದ್ದ ಭಿಕ್ಷುಕರ ಮೇಲೆ ಕೂಗಿದ, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಕಾಲು ಎಳೆದತ್ತ ಬಂದು ತನ್ನ ಮೇಜಿನ ಮುಂದೆ ನಿಂತ.

ಮೇಜಿನ ಆ ತುದಿಯಲ್ಲಿ ಸಂತ ಮಾರ್ಗ್ರೀಟೆ ಇದ್ದಳು.

ಗೆಂಟಿನ ಉಣ್ಣೆ ವ್ಯಾಪಾರಿಯೊಬ್ಬ ತನ್ನ ಸೊಸೆಗಾಗಿ ಮಾಡಿಸುತ್ತಿದ್ದ ಪುಸ್ತಕದ ಹಾಳೆ ಅದು. ಆ ಸೊಸೆಯೂ ತುಂಬು ಬಸುರಿ. ಈ ಒಂದು ಹಾಳೆಯನ್ನು ಮೊದಲು ಕೊಡಿ, ಹೊಲಿಗೆ ಹೊದಿಕೆ ಆಮೇಲಾಗಲಿ ಎಂದು ಅವರ ಕಡೆಯವರು ಅವಸರ ಮಾಡಿದ್ದರು. ಯೋಸಿನೆ ಹಿಂದಿನ ದಿನವಷ್ಟೇ ಮುಗಿಸಿದ್ದಳು. ಲೀವೆನ್ ಆ ಹಾಳೆಯನ್ನು ನೋಡಿದ. ಕಣ್ಣು ಆಚೆ ತಿರುಗಿಸಿದ. ಕೇಳುವುದು ಹೇಗೆ? ಗಿರಾಕಿಯ ಹಾಳೆಯನ್ನು ಬಳಸಿದವರನ್ನು ಸಂಘ ಒಳಗೆ ಇಟ್ಟುಕೊಳ್ಳುವುದಿಲ್ಲ. ಸಂಘದಿಂದ ಹೊರಬಿದ್ದ ವಿಧವೆ ಕುಂಚ ಮುಟ್ಟುವ ಹಾಗಿಲ್ಲ.

"ಏನಂತೆ?" ಎಂದಳು ಯೋಸಿನೆ.

"ಏನಿಲ್ಲ! ಪಟ್ಟಿ ಇಲ್ಲ! ಊರಿಗೆಲ್ಲ ಒಂದು ಪಟ್ಟಿ ಇಟ್ಕೊಂಡಿದಾರೆ, ಇವರ ಮನೆ ಹಾಳಾಗ! ಈ ಕಿಟಕಿ ಯಾಕೆ ತೆಗ್ದಿಟ್ಟಿದೀಯ? ಮಳೆ ಬರೋದು ಕಾಣಲ್ವಾ?"

ಯೋಸಿನೆ ಎದ್ದು ಕಿಟಕಿ ಮುಚ್ಚಿದಳು. ಅವನು ಹೇಳಿದ್ದಕ್ಕೆ ಅವಳು ಕಿಟಕಿ ಮುಚ್ಚಿದ್ದು ಅದೇ ಮೊದಲು. ಹಾಳೆಯನ್ನು ಎತ್ತಿ ಶಾಲಿನೊಳಗೆ ಎದೆಗೆ ಒತ್ತಿ ಹಿಡಿದುಕೊಂಡಳು.

"ನಡಿ."

"ಅದು ನಮ್ಮದಲ್ಲ ಕಣೇ."

"ಮಾರ್ಗ್ರೀಟೆ ಯಾರಪ್ಪನ ಸೊತ್ತೂ ಅಲ್ಲ. ನಡಿ ಅಂದೆ."

ಹೆರುವ ಕೋಣೆಗೆ ಗಂಡಸರು ಹೋಗುವ ಹಾಗಿಲ್ಲ. ಲೀವೆನ್ ಮರದ ಮೆಟ್ಟಿಲ ಮೇಲೆ, ಮುಚ್ಚಿದ ಬಾಗಿಲ ಹೊರಗೆ ನಿಂತ. ಒಳಗಿನ ಮಾತು ಕೇಳಿಸುತ್ತಿತ್ತು.

"ಚಿತ್ರ ಮೇಲೆ ಮಾಡಿ ಇಡಲಾ?" ಇದು ಯೋಸಿನೆ.

"ಮೇಲೆ ಮಾಡಿದರೆ ಸಂತಳು ಅಟ್ಟ ನೋಡ್ತಾಳೆ," ಎಂದಳು ಬಾರ್ಬೆಲೆ. "ಮೈ ಮೈಗೆ ತಾಗಬೇಕು. ಬೋರಲು ಹಾಕು."

ಯೋಸಿನೆಗೆ ಗೊತ್ತು, ಬಾಗಿಲ ಹೊರಗಿದ್ದ ಲೀವೆನನಿಗೂ ಗೊತ್ತು: ಬೆವರಿಗೆ ಬಣ್ಣ ಕರಗುತ್ತದೆ, ಜೇನಿನ ಸುಣ್ಣ ಮೆತ್ತಗಾಗುತ್ತದೆ. ಬೋರಲು ಹಾಕಿದ ಹಾಳೆ ಮತ್ತೆ ಹಾಳೆಯಾಗಿ ಏಳುವುದಿಲ್ಲ.

"ಹಾಕಿದೆ," ಎಂದಳು ಯೋಸಿನೆ.

ಲೀವೆನನಿಗೆ ಆಗ ಅಳು ಬರಬೇಕಿತ್ತು. ಬಂದದ್ದು ಕಸುಬು. ಹೆಂಡತಿ ಜೀವ ಬಾಯಿಗೆ ಬಂದು ನರಳುತ್ತಿರುವಾಗ ಅವನು ಬಾಗಿಲು ಗುದ್ದಿ ಅರಚಿದ: "ಮುದುಕೀ! ಸಂತಳ ತಲೆ ಹತ್ತಿರ ಒತ್ತಬೇಡ! ಜೇನು ಜಾಸ್ತಿ ಬಿದ್ದಿದೆ, ಚಿನ್ನ ಎದ್ದು ಬರುತ್ತೆ!"

ಒಳಗಿಂದ ಮಾಯ್ಕೆಯ ದನಿ ಬಂತು. ಆವರೆಗೆ ನರಳುತ್ತಿದ್ದವಳು ಅಷ್ಟು ದೊಡ್ಡದಾಗಿ ಕೂಗಿದ್ದನ್ನು ಯಾರೂ ಕೇಳಿರಲಿಲ್ಲ. "ನಿನ್ನ ಚಿನ್ನಕ್ಕೆ ಬೆಂಕಿ ಬೀಳ! ನಿನ್ನ ಜೇನಿಗೆ ಬೆಂಕಿ ಬೀಳ! ಒಳಗೆ ಬಂದು ನೀನೇ ಹೆರು ಬಾರೋ!"

"ಹಾಂ!" ಎಂದಳು ಬಾರ್ಬೆಲೆ. "ಇದೇ ಬೇಕಾಗಿತ್ತು. ಇನ್ನೊಂದು ಸಲ ಬಯ್ಯವ್ವ, ಗಟ್ಟಿಯಾಗಿ ಬಯ್ಯಿ, ಕೂಸು ಜರುಗ್ತಾ ಇದೆ."

ಬಾಗಿಲು ಚೂರು ತೆರೆಯಿತು. ಯೋಸಿನೆಯ ಮುಖ ಕಂಡಿತು, ಹಣೆಗೆ ಕೂದಲು ಅಂಟಿಕೊಂಡಿತ್ತು.

"ಕೇಳಿಲ್ಲಿ. ಆ ಹಾಳೆ ಹೋಯ್ತು ಅಂತಲೇ ತಿಳ್ಕೊ. ಅದರ ಬದಲು ನನಗೊಂದು ಕೊಡಬೇಕು."

"ಏನು ಬೇಕಾದ್ರೂ ಕೇಳು!"

"ಒಂದು ವರ್ಷ. ಒಂದು ವರ್ಷ ನನ್ನ ಕಿವಿಗೆ ಬೀಳೋ ಹಾಗೆ ನೀನು ಕೂಗಬಾರದು. ಯಾರ ಮೇಲೂ."

"ಆಗಲಿ!" ಎಂದು ಲೀವೆನ್ ಕೂಗಿದ ರಭಸಕ್ಕೆ ಕೆಳಗಿನ ಅಂಗಡಿಯ ಗಿಲ್ಲಿಸ್ ಏನಾಯಿತೋ ಎಂದು ಓಡಿಬಂದ.

ಸಂಜೆಯ ಗಂಟೆ ಹೊಡೆಯುವ ಮೊದಲೇ ಹೆಣ್ಣು ಕೂಸು ಹುಟ್ಟಿತು. ಕೆಂಪಗೆ, ಸುಕ್ಕುಸುಕ್ಕಾಗಿ, ಬದುಕಿಕೊಂಡು ಹುಟ್ಟಿತು. ಮಾಯ್ಕೆಯೂ ಬದುಕಿದಳು. ಲೀವೆನನನ್ನು ಒಳಗೆ ಬಿಟ್ಟಾಗ ಬಾರ್ಬೆಲೆ ಮೊಟ್ಟೆಯ ಹಳದಿ, ಚಕ್ಕೆ ಹಾಕಿದ ಬಿಸಿ ದ್ರಾಕ್ಷಾರಸ ಕಡೆಯುತ್ತಿದ್ದಳು. ಮಾಯ್ಕೆ ಹೊದಿಕೆ ಸರಿಸಿ ತೋರಿಸಿದಳು. ಅವಳ ಹೊಟ್ಟೆಯ ಮೇಲೆ ಚಿನ್ನದ ಒಂದು ಬಿಲ್ಲೆ ಕೂತಿತ್ತು, ಅವನೇ ಮಾಡಿದ ಪ್ರಭಾವಳಿ. ಸುತ್ತಲೂ ಘಟಸರ್ಪದ ಹಸಿರು, ಸಂತಳ ಸೆರಗಿನ ನೀಲಿ, ಅಂಚಿನ ಸ್ಟ್ರಾಬೆರಿಯ ಕೆಂಪು.

"ಒರೆಸಬೇಡಿ," ಎಂದಳು ಮಾಯ್ಕೆ. "ಇವತ್ತೊಂದು ದಿನ ಇರಲಿ."

ಲೀವೆನ್ ಬಾಗಿ ಹತ್ತಿರದಿಂದ ನೋಡಿದ. ಏನೋ ಹೇಳಲು ಬಾಯಿ ತೆರೆದ. ಉಸಿರು ಬಿಟ್ಟರೆ ಹಾರಿಹೋಗುತ್ತದೇನೋ ಎಂಬಂತೆ ಬಾಯಿಗೆ ಅಂಗೈ ಅಡ್ಡ ಹಿಡಿದುಕೊಂಡ. ಕೂಸಿಗೆ ಸಂತಳ ಹೆಸರನ್ನೇ ಇಟ್ಟರು. ಕರೆಯುವುದು ಗ್ರೀಟೆ ಎಂದು.

ಹಾಳೆಯ ಮೇಲೆ ಈಗ ಸಂತಳಿಗೆ ಮುಖವಿರಲಿಲ್ಲ. ಘಟಸರ್ಪ ಬರೀ ಒಂದು ಪಾಚಿಯ ಕಲೆ. ಗೆಂಟಿನವರು ಬರುವ ದಿನ ಹತ್ತಿರದಲ್ಲೇ ಇತ್ತು. ಆದರೆ ಕರುವಿನ ಚರ್ಮಕ್ಕೆ ಒಂದು ಗುಣ ಇದೆ: ಕೆರೆದರೆ ಮತ್ತೆ ಹೊಸದಾಗುತ್ತದೆ. ಲೀವೆನ್ ಬಾಗಿದ ಚೂರಿ ಹಿಡಿದು ಅದನ್ನು ಕೆರೆದ. ಸುಣ್ಣ ಹಚ್ಚಿದ, ಈ ಸಲ ಜೇನು ಅಳತೆಯಾಗಿ ಹಾಕಿದ. ಉಸಿರು ಬಿಟ್ಟು ರೇಕು ಇಡುವ ಹೊತ್ತಿಗೆ ಸರಿಯಾಗಿ ಗಾಳಿ ಬೀಸಿತು.

"ಕಿಟಕಿ! ಮುದುಕೀ, ಕಿಟಕಿ!"

"ವರ್ಷ ಮತ್ತೆ ಮೊದಲಿಂದ," ಎಂದಳು ಯೋಸಿನೆ, ತಲೆ ಎತ್ತದೆ.

ಎರಡನೆಯ ರೇಕು ಕೂತಿತು. ಅವನ ಕೈಯಿಂದ ಅಂಥ ಪ್ರಭಾವಳಿ ಹಿಂದೆ ಬಂದಿರಲಿಲ್ಲ, ಮುಂದೆಯೂ ಬರಲಿಲ್ಲ. ನಾಯಿಯ ಹಲ್ಲು ಓಡಿದ ಕಡೆಯೆಲ್ಲ ಕಿಟಕಿಯೇ ಅದರೊಳಗೆ ಕಾಣುತ್ತಿತ್ತು. ಆಮೇಲೆ ಯೋಸಿನೆ ಬಣ್ಣಕ್ಕೆ ಕೂತಳು. ಲೀವೆನ್ ಮನೆಗೂ ಕೋಣೆಗೂ ಓಡಾಡಿಕೊಂಡಿದ್ದ. ಕೂಸು ಸೀನಿತು, ಕೂಸು ಆಕಳಿಸಿತು ಎಂದು ಬಂದವರಿಗೆಲ್ಲ ವರದಿ ಒಪ್ಪಿಸುತ್ತಿದ್ದ. ಗೆಂಟಿನ ಆಳು ಬಂದು ಬಾಗಿಲಲ್ಲಿ ನಿಂತ ದಿನವೇ ಅವನು ಮುಗಿದ ಹಾಳೆಯನ್ನು ಸರಿಯಾಗಿ ನೋಡಿದ್ದು.

ಮೊದಲು ಮೂಗು ಕಂಡಿತು. ಆಮೇಲೆ ಹುಬ್ಬು. ಆಮೇಲೆ ಕಿವಿ.

"ಇದೇನಿದು?"

"ಘಟಸರ್ಪ."

"ಇದು ನಾನು!"

"ಜಾಗ ಸಿಗಲಿ ಅಂದಿದ್ದೆನಲ್ಲ, ಸಿಕ್ತು," ಎಂದಳು ಯೋಸಿನೆ. "ಬಾಗಿಲ ಹೊರಗೆ ನಿಂತು ಊರನ್ನೇ ನುಂಗೋ ಹಾಗೆ ಬಾಯಿ ತೆಗೆದಿದ್ದು ಯಾರು? ನೋಡಿಕೊಂಡೇ ಬರೆದೆ. ಹಲ್ಲೂ ನಿನ್ನವೇ, ಮುಂದಿನದೊಂದು ಇಲ್ಲ ನೋಡು."

ಲೀವೆನ್ ಚೂರಿ ಎತ್ತಿಕೊಂಡ. ಆಳು ಎರಡು ಹೆಜ್ಜೆ ಹಿಂದೆ ಸರಿದ. ಹಾಳೆಯಲ್ಲಿ ಘಟಸರ್ಪ ಕುತ್ತಿಗೆ ಎತ್ತಿ ಸಂತಳ ಮುಖದತ್ತ ನೋಡುತ್ತಿತ್ತು, ಅದರ ಮೂಗಿನ ತುದಿ ಪ್ರಭಾವಳಿಗೆ ತಾಗಿಕೊಂಡೇ ಇತ್ತು. ಮೂಗು ಕೆರೆಯಬೇಕೆಂದರೆ ಚಿನ್ನದ ಅಂಚು ಏಳುತ್ತದೆ. ಲೀವೆನ್ ಚಿನ್ನ ನೋಡಿದ, ಮೂಗು ನೋಡಿದ, ಮತ್ತೆ ಚಿನ್ನ ನೋಡಿದ. ಆ ಮಹಾರಾಯಿತಿ ಬೇಕೆಂದೇ ಅಲ್ಲಿಗೆ ತಂದು ತಾಗಿಸಿದ್ದಳು. ತನ್ನ ಕೈಯ ಆ ಪ್ರಭಾವಳಿಗೆ ಅವನು ಚೂರಿ ಹಾಕಲಾರ ಎಂದು ಅವಳಿಗೆ ಗೊತ್ತಿತ್ತು. ಅವನು ಚೂರಿಯನ್ನು ಮೇಜಿಗೆ ಕುಕ್ಕಿ ಓಣಿ ನಡುಗುವ ಹಾಗೆ ಬಯ್ದ. ಯೋಸಿನೆ ಹಾಳೆಯನ್ನು ಬಟ್ಟೆಯಲ್ಲಿ ಸುತ್ತಿ ಆಳಿನ ಕೈಗೆ ಕೊಟ್ಟು, "ಮೊದಲಿಂದ" ಎಂದಳು.

ಗೆಂಟಿನ ಸೊಸೆ ಸುಖವಾಗಿ ಹೆತ್ತಳು, ಗಂಡು ಕೂಸು. ಹೊಲಿಗೆಗೆ ಉಳಿದ ಹಾಳೆಗಳನ್ನು ಒಯ್ಯಲು ಬಂದ ಆಳು ಒಡತಿಯ ಮಾತು ತಲುಪಿಸಿದ: "ಘಟಸರ್ಪ ಬಹಳ ಸಾಧು ಇದೆಯಂತೆ. ಎಷ್ಟು ನೋಡಿದ್ರೂ ಹೆದರಿಕೆ ಆಗಲಿಲ್ಲವಂತೆ. ನೋವಿನಲ್ಲೂ ನಗು ಬಂತಂತೆ."

ಸಾಧು! ಇದು ಮೂಗಿಗಿಂತ ಹೆಚ್ಚು ಉರಿಯಿತು. ಲೀವೆನ್ ಅಂದು ಮಧ್ಯಾಹ್ನ ಉಪ್ಪುಮೀನು ಮುಟ್ಟಲಿಲ್ಲ.

ಆಮೇಲೆ ಎಷ್ಟೋ ಕಾಲ ಅವರಿಬ್ಬರೂ ಅದೇ ಮೇಜಿಗೆ ಕೂತರು. ಗ್ರೀಟೆ ಮೇಜಿನ ಕೆಳಗೆ ಅಂಬೆಗಾಲಿಟ್ಟಳು, ಬಸವನಹುಳುಗಳ ಜೊತೆ ಮಾತು ಕಲಿತಳು. ಅವಳ ಬಾಯಿಂದ ಬಂದ ಮೊದಲ ಪೂರ್ತಿ ಮಾತು ಅಪ್ಪ ಕೂಗಿದ ಕೂಡಲೇ "ಮೊದಲಿಂದ" ಎನ್ನುವುದಾಗಿತ್ತು. ಒಂದು ಸಲ ಈಸ್ಟರ್ ಹಬ್ಬದ ಮುಂಚಿನ ನಲವತ್ತು ಉಪವಾಸದ ದಿನ ಪೂರ್ತಿ ಲೀವೆನನ ದನಿ ಎದ್ದಿರಲಿಲ್ಲ. ಅದನ್ನು ಅವನು ಹೆಮ್ಮೆಯಿಂದ ಎತ್ತಿ ತೋರಿಸಿದಾಗ ಯೋಸಿನೆ ಒಪ್ಪಲಿಲ್ಲ.

"ಗಂಟಲು ಕಟ್ಟಿತ್ತು ನಿನಗೆ. ಅದು ಲೆಕ್ಕಕ್ಕಿಲ್ಲ. ಚಿನ್ನ ಹಾಕೋ ಹೊತ್ತಿನದೂ ಲೆಕ್ಕಕ್ಕಿಲ್ಲ."

"ಮತ್ತೆ ಯಾವುದು ಲೆಕ್ಕ, ಮುದುಕೀ?"

"ಮೊದಲಿಂದ."

ಅವಳ ಕೈ ನಡುಗತೊಡಗಿದಾಗ ಮೊದಲು ಹಕ್ಕಿಯ ಕಣ್ಣು ಕೆಟ್ಟವು, ಆಮೇಲೆ ಬಳ್ಳಿ. ಕೊನೆಗೆ ಬಟಾಣಿ ಕಾಯಿಯೂ ಒಲ್ಲೆ ಎಂದಿತು. ಲೀವೆನ್ ತನ್ನ ಕೆಲಸ ನಿಲ್ಲಿಸಿ ಅವಳ ಮಣಿಕಟ್ಟಿನ ಕೆಳಗೆ ಬಟ್ಟೆಯ ಸುರುಳಿ ಇಟ್ಟುಕೊಡುತ್ತಿದ್ದ, ಬಯ್ಯುತ್ತಲೇ. ಒಂದು ಚಳಿಗಾಲ ಅವಳು ಹಾಸಿಗೆ ಹಿಡಿದಳು. ಮಾಯ್ಕೆ ಬಟಾಣಿ ಸಾರು ಮಾಡಿ ಕಳಿಸುತ್ತಿದ್ದಳು, ಲೀವೆನ್ ಒಯ್ದು ಕುಡಿಸುತ್ತಿದ್ದ. ಈಗಲಾದರೂ ಕೊಟ್ಟ ಮಾತು ಉಳಿಸಿಕೊಳ್ಳಬೇಕೆಂದು ಹಲ್ಲು ಕಚ್ಚಿ ಮೆತ್ತಗೆ ಮಾತಾಡುತ್ತಿದ್ದ. ಪಿಸುಮಾತಿನಲ್ಲಿ "ಚಿಕ್ಕಮ್ಮಾ, ಒಂದು ಗುಟುಕು" ಎನ್ನುತ್ತಿದ್ದ.

ಒಂದು ದಿನ ಬೆಳಗ್ಗೆ ಯೋಸಿನೆ ಬಟ್ಟಲನ್ನು ಆಚೆ ತಳ್ಳಿದಳು.

"ನೀನು ಹೀಗೆ ಪಿಸುಗುಟ್ಟಿದರೆ ನಾನಾಗಲೇ ಸತ್ತುಹೋದ ಹಾಗಿದೆ ಕಣೋ. ನನಗೆ ಹೆದರಿಕೆ ಆಗುತ್ತೆ."

ಲೀವೆನ್ ಅವಳ ಮುಖ ನೋಡಿದ. ಬಟ್ಟಲು ಎತ್ತಿಕೊಂಡ.

"ಸಾರು ಕುಡಿಯೇ ಮುದುಕೀ!" ಎಂದು ಮನೆ ಹಾರಿಹೋಗುವ ಹಾಗೆ ಕೂಗಿದ. "ಬಿಸಿ ಆರಿದ ಮೇಲೆ ಯಾವ ಕತ್ತೆ ಕುಡಿಯುತ್ತೆ ಇದನ್ನ!"

ಅವಳು ಪೂರ್ತಿ ಕುಡಿದಳು. ಬಾಯಿ ಒರೆಸಿಕೊಂಡು, ಕಣ್ಣು ಮುಚ್ಚಿಕೊಂಡು, "ಮೊದಲಿಂದ" ಎಂದಳು. ಆಮೇಲೆ ಅವಳು ಹೆಚ್ಚು ದಿನ ಇರಲಿಲ್ಲ.

ಮಣ್ಣು ಮಾಡಿ ಹಿಂತಿರುಗುವಾಗ ಲೀವೆನ್ ಸ್ಮಶಾನದ ಬಾಗಿಲಲ್ಲಿ ನಿಂತು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡ. ಇವತ್ತಿನಿಂದ ಒಂದು ವರ್ಷ, ತೀರಿಸಿಯೇ ಬಿಡುತ್ತೇನೆ ಎಂದುಕೊಂಡ. ಸೇತುವೆ ದಾಟುವವರೆಗೂ ಯಾರ ಜೊತೆಯೂ ಮಾತಾಡಲಿಲ್ಲ. ಕೆಲಸದ ಕೋಣೆಗೆ ಬಂದರೆ ಅಲ್ಲಿ ಕತ್ತಲೆ. ಮನೆಯ ಮಾಲೀಕ ಮುಂಚೆಯೇ ಬಂದು, ಮಳೆ ನೀರು ಬಾರದಿರಲಿ ಎಂದು ಎಲ್ಲಾ ಭದ್ರ ಮಾಡಿ ನಿಂತಿದ್ದ.

"ಯಾರೋ ಅದು ಕಿಟಕಿ ಮುಚ್ಚಿದ್ದು?" ಲೀವೆನನ ದನಿ ಸೇತುವೆಯ ಆಚೆಗೂ ಕೇಳಿಸಿತು. "ಯಾರನ್ನ ಕೇಳಿ ಮುಚ್ಚಿದೆ? ತೆಗಿ! ತೆಗಿ ಅಂದೆ!"

ಮಾಲೀಕ ಬೆದರಿ ಕಿಟಕಿ ತೆರೆದ. ಗಾಳಿ ನುಗ್ಗಿ ಬಂತು. ಮೇಜಿನ ಈ ತುದಿಯಲ್ಲಿ ಉಳಿದಿದ್ದ ಒಂದು ಚೂರು ರೇಕು ಎದ್ದು ಸುತ್ತು ಹೊಡೆದು ಲೀವೆನನ ಗಡ್ಡಕ್ಕೆ ಅಂಟಿತು. ಅವನು ಅದನ್ನು ತೆಗೆಯಲಿಲ್ಲ. ಹಿಂದೆ ನಿಂತಿದ್ದ ಗ್ರೀಟೆ ಮೂಗೊರೆಸಿಕೊಂಡಳು.

"ಅಪ್ಪಾ, ಮೊದಲಿಂದ," ಎಂದಳು.

ಅದಾದ ಮೇಲೆ ಲೀವೆನ್ ಎಷ್ಟು ಸಲ ಹೊಸದಾಗಿ ಶುರು ಮಾಡಿದ್ದಾನೋ. ಹೆಚ್ಚೆಂದರೆ ಒಂದು ವಾರ ಹೋಗುತ್ತದೆ. ಯೋಸಿನೆಗೆ ಕೊಡಬೇಕಾದ ಆ ವರ್ಷ ಹಾಗೇ ಬಾಕಿ ಇದೆ.